ಮೂವತ್ತೊಂದನೆಯ ಪುಟದ ಕುಂಕುಮ

“ಇಪ್ಪತ್ತೆರಡನೇದ್ದು ‘ಮುತ್ತಿನ ಮೂಗುತಿಯ ಮನೆ’. ಬರದಾಕಿ ಚಂದ್ರಪ್ರಭಾ ಮುತಗೇಕರ,” ಎಂದಳು ಆ ಹೆಂಗಸು. “ಕಡೀಕ ಸೊಸಿ ಅತ್ತಿ ಕಾಲಮ್ಯಾಲ ಬಿದ್ದು ಅಳ್ತಾಳ. ಅದೂ ನನಗ ಭಾಳ ಸೇರಿದ್ದು.”

ನೀಲಾ ಆ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಪಾಠ ಒಪ್ಪಸಾಕತ್ತಾಳ ನೋಡ್ರಿ ಮೇಡಮ್,” ಎಂದ ಬಾಗಿಲಿಗೆ ಒರಗಿ ನಿಂತಿದ್ದ ಈರಣ್ಣ. “ನಾ ಏಳನೇತ್ತಾದಾಗ ನದಿ ಹೆಸರ ಹಿಂಗ ಒಪ್ಪಸ್ತಿದ್ದೆ.”

“ಅದರಾಗೂ ನಾಪಾಸ ಆಗಿದ್ದಿ,” ಎಂದು ಕೆಳಗಿನಿಂದ ಬಾಳವ್ವನ ದನಿ ಬಂತು. ರೊಟ್ಟಿ ತಟ್ಟುವ ಸದ್ದು ನಿಂತಿರಲಿಲ್ಲ.

ಖಾನಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಬಾಳವ್ವನ ಖಾನಾವಳಿ. ಅದರ ಮೇಲೆ ಒಂದೇ ಕೋಣೆ. ಹದಿಮೂರು ವರ್ಷಗಳ ಹಿಂದೆ ಈ ಕೋಣೆಯಲ್ಲಿ ಮಲಗುತ್ತಿದ್ದವಳು ಬಾಳವ್ವನ ಸಾಕುಮಗಳು ಪದ್ಮಶ್ರೀ. ಒಂದು ದಿನ ಬೆಳಗಾವಿಯ ಬಾಡಿಗೆ ಲೈಬ್ರರಿಗೆ ಪುಸ್ತಕ ಮರಳಿಸಲು ಹತ್ತರ ಬಸ್ಸಿಗೆ ಹೋದವಳು ತಿರುಗಿ ಬರಲಿಲ್ಲವಂತೆ. ಎರಡು ತಿಂಗಳ ಹಿಂದೆ ಈ ಹೆಂಗಸು ಚೀಲ ಹಿಡಿದು ಬಂದು, ಊಟಕ್ಕೆ ಕುಳಿತವರ ನಡುವೆ ನಿಂತು, “ಯವ್ವಾ, ನಾನ” ಎಂದಳು. ಬಾಳವ್ವ ಹೌದೆಂದಳು. ಬಾಳವ್ವನ ಮೈದುನನ ಮಗ ಈರಣ್ಣ ಅಲ್ಲವೆಂದ. ನೀಲಾಳನ್ನು ಬೆಳಗಾವಿಯಿಂದ ಕರೆಸಿದವನು ಅವನೇ.

ನೀಲಾಳ ದಿನದ ಕೆಲಸ ಬೇರೆ. ಮದುವೆ ಗಟ್ಟಿಯಾಗುವ ಮುಂಚೆ ಹುಡುಗ ಕುಡಿಯುತ್ತಾನೋ, ಹುಡುಗಿ ಯಾರ ಜೊತೆಗಾದರೂ ತಿರುಗಿದ್ದಾಳೋ ಎಂದು ವಿಚಾರಿಸಿ ಹೇಳುವುದು. ಕಾಣೆಯಾದವರು ತಾವೇ ತಿರುಗಿ ಬಂದ ಪ್ರಕರಣ ಇದೇ ಮೊದಲು.

ಖಾನಾವಳಿಯ ಕಟ್ಟಡ ಪದ್ಮಶ್ರೀಯ ಹೆಸರಿನಲ್ಲಿತ್ತು. ಬಾಳವ್ವನ ಗಂಡ ಸಾಯುವ ಮುಂಚೆ ಬರೆದಿಟ್ಟ ಮೃತ್ಯುಪತ್ರದಲ್ಲಿ ಎರಡೇ ಮಾತು. ಕಟ್ಟಡ ಮಗಳಿಗೆ. ಮಗಳು ಮದುವೆಯಾಗದೆ ಸತ್ತರೆ ತಮ್ಮನ ಮಗ ಈರಣ್ಣನಿಗೆ. ಹೆಂಡತಿಯ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಸುದ್ದಿಯಿಲ್ಲದ ಪದ್ಮಶ್ರೀಯನ್ನು ಸತ್ತವಳೆಂದು ಘೋಷಿಸಬೇಕೆಂದು ಈರಣ್ಣ ಕೋರ್ಟಿಗೆ ಹೋಗಿದ್ದ. ನಾಳೆ ವಿಚಾರಣೆ. ಈ ಹೆಂಗಸು ಪದ್ಮಶ್ರೀ ಅಲ್ಲವೆಂದಾದರೆ, ಮೂವತ್ತೈದು ವರ್ಷ ಉರಿಸಿದ ಒಲೆಯ ಮುಂದಿನಿಂದ ಬಾಳವ್ವ ಎದ್ದು ಹೋಗಬೇಕು.

ರಕ್ತಪರೀಕ್ಷೆಯಿಂದ ಉಪಯೋಗವಿರಲಿಲ್ಲ. ಪದ್ಮಶ್ರೀಯನ್ನು ಹೆತ್ತವರು ಯಾರೆಂದು ಬಾಳವ್ವನಿಗೂ ಗೊತ್ತಿಲ್ಲ. ಉಳಿದಿದ್ದ ಫೋಟೋ ಒಂದೇ, ಅದರಲ್ಲೂ ಆಕೆ ಮೂರನೆಯ ಸಾಲಿನಲ್ಲಿ ಬೇರೆಯವರ ಭುಜದ ಹಿಂದೆ ಅರ್ಧ ಮುಖವಾಗಿ ನಿಂತಿದ್ದಳು.

ಹದಿಮೂರು ವರ್ಷದಲ್ಲಿ ಮುಖ ಮಸುಕಾಗಿ, ಇಡೀ ಊರು ಪದ್ಮಶ್ರೀಯ ಬಗ್ಗೆ ನೆನಪಿಟ್ಟುಕೊಂಡದ್ದು ಒಂದೇ ಸಂಗತಿ: ಓದು. ಹಿಟ್ಟು ಕಲಸುತ್ತ ಓದುತ್ತಿದ್ದಳು. ಗಿರಾಕಿಗೆ ಸಾರು ಬಡಿಸುತ್ತ ಓದುತ್ತಿದ್ದಳು. ಅದಕ್ಕೇ ನೀಲಾ ಬೇರೆ ಏನನ್ನೂ ಕೇಳಿರಲಿಲ್ಲ. ನಿನಗೆ ಮೆಚ್ಚಿದ ಕಾದಂಬರಿಗಳು ಯಾವುವು, ಬರೆದವರು ಯಾರು, ಅಷ್ಟೇ.

“ಗ. ಮ. ಬೈಲೂರರವು ನಾಕು ಹೇಳಿದ್ರಿ,” ಎಂದಳು ನೀಲಾ. “ನಾಕೂ ಸೇರಿದ್ವಾ?”

“ನಾಕೂ.”

“ಸೇರಲಾರದ್ದು ಒಂದು ಹೇಳ್ರಿ. ಅರ್ಧಕ್ಕ ಬಿಟ್ಟದ್ದು. ಬೈದು ಒಗದದ್ದು.”

ಹೆಂಗಸು ಸೀರೆಯ ಅಂಚು ಹಿಡಿದು ಕುಳಿತಳು. ಎಣ್ಣೆಗಪ್ಪು ಮುಖ, ಗಟ್ಟಿ ಮಣಿಕಟ್ಟು. ನೀರಿನಲ್ಲಿ ಬಹಳ ವರ್ಷ ನೆನೆದ ಬೆರಳುಗಳು.

“ಹಂಗ ಯಾವೂ ಇಲ್ರಿ. ಎಲ್ಲಾ ಸೇರತಿದ್ವು.”

ನೀಲಾ ಅದನ್ನು ಬರೆದುಕೊಳ್ಳಲಿಲ್ಲ, ಆದರೆ ಮನಸ್ಸಿನಲ್ಲಿಟ್ಟುಕೊಂಡಳು. ಓದುವವರ ಬಾಯಿಯಲ್ಲಿ ಹೊಗಳಿಕೆಗಿಂತ ಮುಂಚೆ ಬೈಗುಳ ಬರುತ್ತದೆ. ಎಲ್ಲವನ್ನೂ ಮೆಚ್ಚುವವರು ಓದದವರು.

“ನಂಬಕಿ ಬರಲಿಲ್ಲೇನ್ರಿ?” ಹೆಂಗಸು ತಲೆ ಎತ್ತಿದಳು. “ಟಿಳಕವಾಡಿಗೆ ಹೋಗಿ ಲೈಬ್ರರಿ ವಹಾಬ ಚಾಚಾನ್ನ ಕೇಳ್ರಿ. ನಾ ಮೂವತ್ತೊಂದನೇ ಪುಟದಾಗ ಕುಂಕುಮದ ಗುರ್ತ ಹಾಕತಿದ್ದೆ. ಈ ಇಪ್ಪತ್ತೆರಡಕ್ಕೂ ಐತಿ.”

ಈರಣ್ಣ ಬಾಗಿಲಿನಿಂದ ಬೆನ್ನು ತೆಗೆದ. ಅವನ ಮುಖದಲ್ಲಿ ಮೊದಲ ಸಲ ನಗೆ ಇರಲಿಲ್ಲ.

“ಈಕಿಗೆ ಅದ್ಹೆಂಗ ಗೊತ್ತು?” ಎಂದು ಅವನು ಕೇಳಿದ್ದು ನೀಲಾಳನ್ನು.

“ಅದನ್ನ ಹುಡುಕಾಕ ನನ್ನ ಕರಸೀರಿ,” ಎಂದು ನೀಲಾ ನೋಟ್‌ಬುಕ್ ಮುಚ್ಚಿದಳು.

*

ಬೆಳಗಾವಿಯಲ್ಲಿ ವಹಾಬರ ಲೈಬ್ರರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು. ನೀಲಾ ಅಲ್ಲಿ ಕೇಳಿ, ಹಿಂದಿನ ಓಣಿಯಲ್ಲಿ ಅವರ ಮನೆ ಹುಡುಕಿದಳು. ಎಪ್ಪತ್ತು ದಾಟಿದ ಮುದುಕ, ದಪ್ಪ ಕನ್ನಡಕ. ಕುಳಿತಲ್ಲಿಂದಲೇ ಕುರ್ಚಿ ತೋರಿಸಿದರು.

ಕುಂಕುಮದ ಗುರುತಿನ ಸಂಗತಿ ಹೇಳಿ, ನೀಲಾ ಹೆಸರುಗಳನ್ನು ಒಂದೊಂದಾಗಿ ಓದಿದಳು. ವಹಾಬ ಕಣ್ಣು ಮುಚ್ಚಿ ಕೇಳಿದರು.

“‘ಏಳನೆಯ ಕಿಟಕಿ’.”

“ಕುಂಕುಮ ಐತಿ.”

“‘ಹಿತ್ತಲ ಬಾಗಿಲ ಸೊಸೆ’.”

“ಐತಿ.”

“‘ಅವಳು ಕೊಟ್ಟ ಹೂ ಒಣಗಿತು’.”

“ಅದಕ್ಕ ಎರಡ ಬೊಟ್ಟ ಅದಾವ,” ಎಂದರು ವಹಾಬ. “ಸಿಟ್ಟ ಜಾಸ್ತಿ ಬಂದಿತ್ತು.”

ನೀಲಾ ಆ ಮಾತನ್ನು ಗಮನಿಸಿದರೂ ಮುಂದೆ ಓದಿದಳು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಸರಿ ಹೋದವು. ಒಳ್ಳೆಯದಾಯಿತು ಎಂದುಕೊಂಡಳು. ಈರಣ್ಣನ ಮುಖ ನೆನೆದು ಸ್ವಲ್ಪ ಸಮಾಧಾನವೂ ಆಯಿತು. ಹಾಗಾದರೆ ಹೆಂಗಸು ಖರೆ.

ವಹಾಬರ ಮುಖದಲ್ಲಿ ಮಾತ್ರ ಸಮಾಧಾನ ಇರಲಿಲ್ಲ.

“ತಂಗಿ, ಇವು ಏನಂತ ಹೇಳಿದ್ಲು ಆಕಿ?”

“ತನಗ ಭಾಳ ಸೇರಿದ ಕಾದಂಬರಿ ಅಂತ.”

ಒಳಗಿನಿಂದ ಚಹಾ ತಂದ ಶಾಹಜಾನಬಿ, ವಹಾಬರ ಹೆಂಡತಿ, ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು.

“ಸೇರಿದ್ದಕ್ಕ ಗುರ್ತ ಯಾರ ಹಾಕತಾರ ತಂಗಿ? ನನ್ನ ಮದುವಿ ಆಗಿ ನಲವತ್ತಾರ ವರ್ಷಾತು. ಮನಿಗೆ ಬಂದ ಮ್ಯಾಲ ಈಕಿನ ನನ್ನ ಹೆಂಡ್ತಿ ಹೌದೋ ಅಲ್ಲೋ ಅಂತ ನೋಡಾಕ ಇವ್ರೇನ ನನ್ನ ಹಣಿಗೆ ಬೊಟ್ಟ ಇಟ್ಟಾರೇನ?”

“ಇಟ್ಟಿದ್ರ ಚೊಲೋ ಇತ್ತು,” ಎಂದರು ವಹಾಬ. “ಒಮ್ಮೊಮ್ಮೆ ಗುರ್ತ ಸಿಗೂದಿಲ್ಲ.”

ಶಾಹಜಾನಬಿ ಕಪ್ಪನ್ನು ಅವರ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದರು.

ವಹಾಬ ಬಿಡಿಸಿ ಹೇಳಿದರು. ಬಾಡಿಗೆ ಲೈಬ್ರರಿಯ ಕಾದಂಬರಿಗಳ ಹೆಸರು ಒಂದರ ಹಾಗೆ ಒಂದು. ಎಷ್ಟೋ ಪುಸ್ತಕಗಳ ರಟ್ಟು ಹರಿದಿರುತ್ತದೆ. ಮನೆಗೆ ಒಯ್ದು ನಾಲ್ಕು ಪುಟ ಓದಿದ ಮೇಲೆ, ಇದನ್ನು ಆಗಲೇ ಓದಿದ್ದೇನೆ ಎಂದು ಹಣೆ ಚಚ್ಚಿಕೊಳ್ಳುವುದು. ಅದಕ್ಕೇ ಹೆಂಗಸರು ತಮ್ಮದೊಂದು ಪುಟ ಗೊತ್ತುಮಾಡಿಕೊಂಡು ಗುರುತು ಹಾಕುತ್ತಿದ್ದರು.

“ರೇಲ್ವೆ ಗಾರ್ಡರ ಹೆಂಡ್ತಿ ಹನ್ನೊಂದನೇ ಪುಟದ ಮೂಲಿ ಮಡಚತಿದ್ಲು. ಸಾಂಬ್ರಾದ ಒಬ್ಬ ಸಾಲಿ ಬಾಯಾರು ಐವತ್ತನೇ ಪುಟದಾಗ ಪೆನ್ಸಿಲ್ಲಿಲೆ ಮೀನ ಬರೀತಿದ್ರು. ಎಲ್ಲಾರ ಗುರ್ತೂ ನನಗ ಬಾಯಿಪಾಠ. ಅವ್ರೆಲ್ಲಾ ಓದಿದ ಎಲ್ಲಾ ಪುಸ್ತಕಕ್ಕೂ ಹಾಕತಿದ್ರು. ಪದ್ಮಶ್ರೀ ಹಂಗಲ್ಲ. ತಪ್ಪಿ ಸೈತ ಮತ್ತೊಮ್ಮೆ ಒಯ್ಯಬಾರದು ಅನ್ನೂ ಪುಸ್ತಕಕ್ಕ ಅಷ್ಟ. ನನ್ನ ಅಂಗಡ್ಯಾಗ ನಿಂತ, ಹಣಿಮ್ಯಾಲಿನ ಕುಂಕುಮಾ ಬೆರಳಿಗೆ ಹಚಗೊಂಡು, ಮೂವತ್ತೊಂದನೇ ಪುಟ ತಗದು ಒತ್ತತಿದ್ಲು. ಠಸ್ಸೆ ಹೊಡದಂಗ.”

“ಮೂವತ್ತೊಂದು ಯಾಕ?”

“ಅಷ್ಟರಾಗ ಪುಸ್ತಕದ ಹಣೇಬಾರ ಗೊತ್ತಾಗತೈತಿ ಚಾಚಾ ಅಂತಿದ್ಲು.”

ನೀಲಾ ನೋಟ್‌ಬುಕ್ ತಿರುವಿದಳು. “‘ಮುತ್ತಿನ ಮೂಗುತಿಯ ಮನೆ’ ಬಗ್ಗೆ ಏನರ ನೆನಪೈತೇನ್ರಿ?”

“ಸೊಸಿ ಅತ್ತಿ ಕಾಲಮ್ಯಾಲ ಬೀಳೂದನ್ನ ಓದಿ ಗ್ವಾಡಿಗೆ ಒಗದಿದ್ಲಂತ. ರಟ್ಟ ಕಿತ್ತಿತ್ತು, ಅಂಟ ಹಚ್ಚಿ ತಂದ ಕೊಟ್ಲು. ಬೈಲೂರರ ಬಗ್ಗೆ ಅಂತೂ ಕೇಳಬ್ಯಾಡ. ‘ಇವ್ರ ನಾಯಕಿ ಪುಟಕ್ಕೊಮ್ಮೆ ಎಚ್ಚರ ತಪ್ಪತಾಳ, ಡಾಕ್ಟರಿಗೆ ತೋರಸ್ರಿ ಅಂತ ಒಂದ ಕಾಗದಾ ಬರೀರಿ ಚಾಚಾ’ ಅಂತಿದ್ಲು.”

ಮುದುಕ ನಗಲು ನೋಡಿದರು. ಆಗಲಿಲ್ಲ.

“ಖರೇ ಸೇರಿದ್ದು?”

“ಪತ್ತೇದಾರಿ ಒಯ್ತಿದ್ಲು. ಕಡೀ ಪುಟ ಮೊದಲ ಓದತಿದ್ಲು. ಕೊಲಿ ಮಾಡಿದಾಂವ ಯಾರಂತ ಗೊತ್ತಾದಮ್ಯಾಲ ಕಥಿ ಸಾವಕಾಶ ಓದಬಹುದು ಅಂತಿದ್ಲು. ಆದ್ರ ಜೀವ ಇದ್ದದ್ದು ದ್ರೌಪದಿ ಹಲಗೇಕರ ಮ್ಯಾಲ. ಒಟ್ಟ ಮೂರ ಬರದ ಸುಮ್ಮನಾದ್ಲು ಆ ಹೆಣ್ಣಮಗಳು. ಯಾರೂ ಒಯ್ತಿದ್ದಿಲ್ಲ. ಅದರಾಗ ‘ಎರಡನೆಯ ಪಂಕ್ತಿ’ ಅಂತ ಒಂದು. ಪದ್ಮಶ್ರೀ ಹನ್ನೊಂದ ಸಲ ಒಯ್ದಾಳ.”

“ಏನೈತಿ ಅದರಾಗ?”

“ಏನೂ ಇಲ್ಲ. ಊರಿಗೆಲ್ಲಾ ಬಡಿಸಿ ಕಡೀಕ ಒಬ್ಬಾಕಿನ ಕುಂತ ಉಣ್ಣೂ ಹೆಣ್ಣಮಗಳ ಕಥಿ. ‘ಚಾಚಾ, ನಮ್ಮವ್ವನ ಸುದ್ದಿ ಇದನ್ನ ಬರದಾಕಿಗೆ ಯಾರ ಹೇಳಿರಬೇಕು’ ಅಂತ ಕೇಳತಿದ್ಲು. ಪ್ರತೀ ಸಲಾ ಕೇಳತಿದ್ಲು.”

ಆ ಹೆಂಗಸಿನ ಇಪ್ಪತ್ತೆರಡರಲ್ಲಿ ದ್ರೌಪದಿ ಹಲಗೇಕರ ಹೆಸರು ಇರಲಿಲ್ಲ.

ಗುರುತು ಕಂಡ ಪುಸ್ತಕಗಳೆಲ್ಲ ಮೆಚ್ಚಿದವು ಎಂದು ಯಾರೋ ತಿಳಿದಿದ್ದರು. ತಿಳಿದು, ಆ ಹೆಂಗಸಿಗೆ ಕಲಿಸಿದ್ದರು.

“ಆ ಪುಸ್ತಕ ಈಗ ಎಲ್ಲದಾವ?” ಎಂದು ಕೇಳಿದಳು ನೀಲಾ.

ವಹಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

“ಐದ ವರ್ಷದ ಹಿಂದ ಅಂಗಡಿ ಬಂದ್ ಮಾಡಿದೆ. ಎಲ್ಲಾ ರದ್ದಿಗೆ ಹಾಕಾಂವಿದ್ದೆ. ಸುದ್ದಿ ಕೇಳಿ ಬಾಳವ್ವ ಬಂದ್ಲು. ‘ವಹಾಬಣ್ಣಾ, ನನಗ ಅಕ್ಷರ ಬರೂದಿಲ್ಲ. ನನ್ನ ಮಗಳ ಯಾವ ಯಾವ ಪುಸ್ತಕ ಮುಟ್ಟಿದ್ಲು, ಅವನ್ನ ಕೊಡು’ ಅಂದ್ಲು. ನಾ ಮೂರ್ಖ, ಒಂದ ಪುಸ್ತಕ ತಗದು ಕುಂಕುಮದ ಗುರ್ತ ತೋರಸಿದೆ. ಮೂರ ದಿವಸ, ತಂಗಿ. ಖಾನಾವಳಿ ಬಂದ್ ಇಟ್ಟು ಮೂರ ದಿವಸ ಬಂದು ನೆಲದ ಮ್ಯಾಲ ಕುಂತ, ಒಂದೊಂದ ಪುಸ್ತಕ ತಗದು ಕೆಂಪ ಬೊಟ್ಟ ಹುಡುಕಿದ್ಲು.”

“ಯಾಕ ಹಾಕತಿದ್ಲು ಅಂತ ನೀವು ಹೇಳಲಿಲ್ಲ.”

“ಹೇಳಾಕ ಬಾಯಿ ತಗದೆ. ಆಕಿ ಅಂದ್ಲು, ‘ದೇವರಿಗೆ ಹಚ್ಚತೀವಿ, ಹೊಸಾ ತಕ್ಕಡಿಗೆ ಹಚ್ಚತೀವಿ. ಪುಸ್ತಕಕ್ಕ ಕುಂಕುಮಾ ಹಚ್ಯಾಳಂದ್ರ ಎಷ್ಟ ಜೀವ ಇಟ್ಟಿರಬೇಕು.’ ಅದರ ಮ್ಯಾಲ ಏನಂತ ಹೇಳಲಿ? ಮಗಳನ್ನ ಕಳಕೊಂಡಾಕಿ. ಪುಸ್ತಕದ ಸುದ್ದಿ ಸುಳ್ಳಾದ್ರ ಏನಾತು ಅಂದ್ಕೊಂಡೆ.”

“ಎಷ್ಟ ಒಯ್ದರು?”

“ಇಪ್ಪತ್ತೆರಡು.”

ಚಹಾ ಆರಿತ್ತು. ನೀಲಾ ಅದನ್ನು ಹಾಗೆಯೇ ಕುಡಿದಳು.

ಪುಸ್ತಕಗಳು ಇದ್ದದ್ದು ಬಾಳವ್ವನ ಹತ್ತಿರ. ಕುಂಕುಮ ಪ್ರೀತಿಯದೆಂದು ತಿಳಿದವಳು ಜಗತ್ತಿನಲ್ಲಿ ಬಾಳವ್ವ ಒಬ್ಬಳೇ. ಹಾಗಾದರೆ ಆ ಹೆಂಗಸು ಬಾಳವ್ವನನ್ನು ಮೋಸಗೊಳಿಸಿರಲಿಲ್ಲ. ಬಾಳವ್ವನೇ ಆಕೆಯನ್ನು ತಯಾರು ಮಾಡಿದ್ದಳು.

*

ಖಾನಾಪುರಕ್ಕೆ ಮರಳುವ ಬಸ್ಸಿನಲ್ಲಿ ನೀಲಾ ವರದಿ ಬರೆದಳು. ಮೂರು ಸಾಲು ಸಾಕಾಯಿತು. ‘ಈ ಹೆಂಗಸು ಪದ್ಮಶ್ರೀ ಅಲ್ಲ’ ಎನ್ನುವುದು ಮೂರನೆಯ ಸಾಲು. ಅದರ ಕೆಳಗೆ ಸಹಿ ಮಾತ್ರ ಬಾಕಿ.

ನಿಜ ಯಾರ ಮಡಿಲಿಗೆ ಬೀಳುತ್ತದೆ ಎಂದು ಕೇಳುವುದನ್ನು ಆಕೆ ಬಿಟ್ಟು ಬಹಳ ದಿನವಾಗಿತ್ತು. ಒಬ್ಬ ಹುಡುಗಿಗೆ ಹಿಂದೊಮ್ಮೆ ಗೊತ್ತುಮಾಡಿದ್ದ ಮದುವೆ ಮುರಿದಿತ್ತೆಂದು ಬರೆದುಕೊಟ್ಟಾಗಲೂ ಅದು ನಿಜವೇ ಆಗಿತ್ತು. ಆ ಹುಡುಗಿಗೆ ಆಮೇಲೆ ಏನಾಯಿತೆಂದು ಆಕೆ ವಿಚಾರಿಸಿರಲಿಲ್ಲ. ಅದಕ್ಕೆ ಯಾರೂ ಫೀ ಕೊಡುವುದಿಲ್ಲ.

ನಾಲ್ಕು ಗಂಟೆಗೆ ಖಾನಾವಳಿ ಖಾಲಿ. ಎದುರಿನ ಪಾನ್ ಅಂಗಡಿಯ ಮುಂದೆ ಈರಣ್ಣ ಸ್ಕೂಟರಿನ ಮೇಲೆ ಕುಳಿತಿದ್ದ. ನೀಲಾಳನ್ನು ಕಂಡು ಹುಬ್ಬು ಏರಿಸಿದ. ಐದು ನಿಮಿಷ ಎಂದು ಆಕೆ ಕೈಸನ್ನೆ ಮಾಡಿ ಒಳಗೆ ಹೋದಳು.

ಬಾಳವ್ವ ನೆಲದ ಮೇಲೆ ಕುಳಿತು ಮೆಂತ್ಯಪಲ್ಲೆ ಬಿಡಿಸುತ್ತಿದ್ದಳು. ಅರವತ್ತೆರಡರ ಹೆಂಗಸು. ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಸುಟ್ಟ ಕಲೆಗಳು.

“ಕುಂದರ ತಂಗಿ. ಉಂಡಿ ಏನ?”

“ಆತ್ರಿ.”

“ಸುಳ್ಳ ಹೇಳಬ್ಯಾಡ. ಉಂಡವರ ಮಾರಿ ನನಗ ಗೊತ್ತಾಗತೈತಿ. ಒಂದ ರೊಟ್ಟಿ ಹಾಕ್ಲ್ಯಾ?”

“ಬ್ಯಾಡ್ರಿ.” ನೀಲಾ ಎದುರಿಗೆ ಕುಳಿತಳು. “ವಹಾಬ ಚಾಚಾನ ಕಡೆ ಹೋಗಿದ್ದೆ.”

ಬಾಳವ್ವ ಒಂದು ದಂಟು ಮುರಿದಳು. ಎಲೆ ಒಂದು ಕಡೆ, ದಂಟು ಒಂದು ಕಡೆ.

“ಹೇಳಿದ್ನ?”

“ಹೇಳಿದ್ರು. ಇಪ್ಪತ್ತೆರಡು ಪುಸ್ತಕ ನೀವು ತಂದೀರಿ. ಆ ಇಪ್ಪತ್ತೆರಡನ್ನ ಆಕಿಗೆ ಓದಾಕ ಕೊಟ್ಟೀರಿ.”

“ಕೊಟ್ಟೆ.”

ಇಷ್ಟು ಬೇಗ ಒಪ್ಪಿಕೊಳ್ಳುವಳೆಂದು ನೀಲಾ ಎಣಿಸಿರಲಿಲ್ಲ. ಕೇಳಲು ಸಿದ್ಧಮಾಡಿಕೊಂಡ ಪ್ರಶ್ನೆಗಳೆಲ್ಲ ದಂಡವಾದವು.

“ಯಾರಾಕಿ?”

“ಗೋವಾದ ಫೋಂಡಾದಾಗ ಒಂದ ಹೊಟೇಲಿನ್ಯಾಗ ಭಾಂಡೆ ತಿಕ್ಕತಿದ್ಲು. ಹತ್ತನೇತ್ತಾ ಪಾಸ. ಹಿಂದ ಮುಂದ ಯಾರೂ ಇಲ್ಲ. ಮೂರ ತಿಂಗಳ ಓದಿದ್ಲು. ಹೆಸರ ಕೇಳಬ್ಯಾಡ, ನಾ ಹೇಳಾಂಗಿಲ್ಲ. ತಪ್ಪ ಆಕೀದಲ್ಲ.”

“ಪದ್ಮಶ್ರೀ ಹಂಗ ಕಾಣತಾಳೇನ್ರಿ?”

“ಇಲ್ಲ.” ಬಾಳವ್ವ ತಲೆ ಎತ್ತಲಿಲ್ಲ. “ಕಂಡಿದ್ರ ತರತಿರಲಿಲ್ಲ. ದಿನಾ ನೋಡೂದು ಆಗತಿರಲಿಲ್ಲ.”

ಮೇಲಿನ ಕೋಣೆಯಲ್ಲಿ ಕಿಟಕಿ ತೆರೆದ ಸದ್ದಾಯಿತು. ಇಬ್ಬರೂ ಮೇಲೆ ನೋಡಿ, ಮತ್ತೆ ಪಲ್ಲೆಯ ಕಡೆಗೆ ನೋಡಿದರು.

ಹೇಳಬೇಕೆಂದೇನೂ ಇರಲಿಲ್ಲ. ವರದಿಗೆ ಅದು ಬೇಕಾಗಿರಲಿಲ್ಲ. ಆದರೂ ನೀಲಾ ಹೇಳಿದಳು.

“ಅವ್ವಾರ, ಆ ಕುಂಕುಮಾ ಸೇರಿದ ಪುಸ್ತಕಕ್ಕ ಹಚ್ಚಿದ್ದಲ್ಲ. ಸೇರಲಾರದ್ದಕ್ಕ. ಮತ್ತೊಮ್ಮೆ ಒಯ್ಯಬಾರದು ಅಂತ.”

ಬಾಳವ್ವನ ಕೈ ನಿಂತಿತು.

ಗೋಡೆಯ ಗೂಡಿನಲ್ಲಿ ಬಸವಣ್ಣನವರ ಫೋಟೋ ಇತ್ತು. ಅದರ ಕೆಳಗೆ ಕೆಂಪು ವಸ್ತ್ರ ಹೊದಿಸಿದ ಒಂದು ಟ್ರಂಕು. ವಸ್ತ್ರದ ಮೇಲೆ ಇವತ್ತಿನದೇ ಹೂವು. ನೀಲಾ ಅದನ್ನು ನೋಡಬಾರದಿತ್ತು.

“ಐದ ವರ್ಷ ಈ ಪುಸ್ತಕಕ್ಕ ಹೂ ಏರಿಸೇನಿ,” ಎಂದಳು ಬಾಳವ್ವ. “ಈಕಿ ಕಡೆಯಿಂದ ಓದಿಸಿ ಕೇಳಿದೆ. ಇಪ್ಪತ್ತೆರಡೂ ಕೇಳಿದೆ. ಬರೇ ಅಳೂದು, ಎಚ್ಚರ ತಪ್ಪೂದು, ಕಾಲಿಗೆ ಬೀಳೂದು. ಇಂಥಾ ಹಲ್ಕಟ ಕಥಿ ನನ್ನ ಮಗಳಿಗೆ ಹೆಂಗ ಸೇರಿದ್ವೋ ಅಂತ ಅನಸ್ತಿತ್ತು. ನಾ ಸಾಲಿ ಕಲ್ತಾಕಿ ಅಲ್ಲ, ನನಗ ತಿಳಿಯೂದಿಲ್ಲ ಬಿಡು ಅಂತ ಸುಮ್ಮನಾದೆ.”

“ನಿಮಗ ತಿಳದಿತ್ತು.”

“ಸೇರಿದ್ದು ಯಾವುದು ಹಂಗಾರ?”

“‘ಎರಡನೆಯ ಪಂಕ್ತಿ’ ಅಂತ. ಊರಿಗೆಲ್ಲಾ ಬಡಿಸಿ ಕಡೀಕ ಒಬ್ಬಾಕಿನ ಕುಂತ ಉಣ್ಣಾಕಿ ಕಥಿ. ನಮ್ಮವ್ವನ ಸುದ್ದಿ ಇದನ್ನ ಬರದಾಕಿಗೆ ಯಾರ ಹೇಳ್ಯಾರ ಅಂತ ಕೇಳತಿದ್ಲಂತ.”

ಬಾಳವ್ವ ಅಳಲಿಲ್ಲ. ಮಡಿಲಲ್ಲಿ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು.

“ಕಡೀಕ ಏನಾಗತೈತಿ ಆಕಿಗೆ?”

“ಗೊತ್ತಿಲ್ರಿ. ನಾ ಓದಿಲ್ಲ.”

ಹೊರಗೆ ಸ್ಕೂಟರಿನ ಹಾರ್ನ್ ಎರಡು ಸಲ ಕೂಗಿತು. ಈರಣ್ಣನ ಐದು ನಿಮಿಷ ಮುಗಿದಿತ್ತು.

“ನಾ ಖರೇದ್ದನ್ನ ಬರೀಬೇಕಾಗತೈತಿ,” ಎಂದಳು ನೀಲಾ. “ಈಕಿ ಪದ್ಮಶ್ರೀ ಅಲ್ಲ ಅಂತ.”

“ಬರಿ.”

“ನಾಳೆ ಕೋರ್ಟಿನ್ಯಾಗ ಅದನ್ನ ಓದಿದಮ್ಯಾಲ ಈ ಜಾಗಾ ಅವಂದಾಗತೈತಿ.”

“ಅದನ್ನ ನೀ ನನಗ ಹೇಳಬ್ಯಾಡ. ಹದಿಮೂರ ವರ್ಷಾತು, ದಿನಾ ಒಲಿ ಹಚ್ಚೂ ಮುಂದ ಅದನ್ನ ನೆನಸತೇನಿ.”

ನೀಲಾಳಿಗೆ ಸಿಟ್ಟು ಬಂತು. ಯಾರ ಮೇಲೆಂದು ಆಕೆಗೆ ಸರಿಯಾಗಿ ಗೊತ್ತಿರಲಿಲ್ಲ. “ಅವ್ವಾರ, ಒಂದ ಮಾತ ಕೇಳತೇನಿ. ನಾಳೆ ಖರೇ ಪದ್ಮಶ್ರೀ ಬಂದು ಈ ಬಾಗಲಾಗ ನಿಂತ್ರ ಏನ ಮಾಡತಿದ್ರಿ? ಆಕಿ ಕೋಣ್ಯಾಗ ಮತ್ತೊಬ್ಬಾಕಿ. ಆಕಿ ಹೆಸರ ಮತ್ತೊಬ್ಬಾಕಿಗೆ.”

“ಬರಾಂಗಿಲ್ಲ.”

ಸಾರು ತೀರಿತು ಎನ್ನುವ ಹಾಗೆ ಹೇಳಿದಳು.

“ಬರಾಂಗಿಲ್ಲಂತ ನಿಮಗ ಹೆಂಗ ಗೊತ್ತು?”

ಬಾಳವ್ವ ಮೊದಲ ಸಲ ನೇರವಾಗಿ ನೀಲಾಳ ಮುಖ ನೋಡಿದಳು. “ಕಲ್ತಾಕಿ ನೀನು. ಯೋಚನಿ ಮಾಡು. ಬರತಾಳ ಅನ್ನೂ ಆಶಾ ಎಳ್ಳಷ್ಟ ಇದ್ರೂ ಯಾವ ತಾಯಿ ಆ ಜಾಗಾಕ್ಕ ಮತ್ತೊಬ್ಬಾಕಿನ್ನ ತಂದ ಕುಂದರಸತಾಳ?”

ನೀಲಾ ಚೀಲದಿಂದ ವರದಿ ತೆಗೆದು ಮೂರನೆಯ ಸಾಲನ್ನು ಮತ್ತೊಮ್ಮೆ ಓದಿದಳು.

“ಮಣ್ಣ ಮಾಡಿದಾಕಿ ನಾನ,” ಎಂದಳು ಬಾಳವ್ವ. “ಹತ್ತರ ಬಸ್ಸ ಹತ್ತಿದ್ಲು ಅಂತ ಊರಿಗೆಲ್ಲಾ ಹೇಳಿದ ದಿವಸ. ಆಕಿ ಬಸ್ಸ ಹತ್ತಲಿಲ್ಲ. ಮುಂಜಾನೆ ಎಂಟ ಗಂಟೇದಾಗ ಆಕಿ ಜೀವ ಹೋಗಿತ್ತು.”

ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಜಾಂಬೋಟಿ, ಜಾಂಬೋಟಿ ಎಂದು ಕೂಗುತ್ತಿದ್ದರು.

“ಸತ್ಲು ಅಂದ್ರ ಮರುದಿವಸ ಒಲಿ ಹೋಗತಿತ್ತು. ಕಾಣಿಯಾದ್ಲು ಅಂದ್ರ ಉಳೀತಿತ್ತು. ಗಂಡ ಹಂಗ ಬರದಿಟ್ಟ ಹೋಗಿದ್ದ. ವಿಭೂತಿ ಇಡಲಿಲ್ಲ, ಅಯ್ಯನವರನ್ನ ಕರೀಲಿಲ್ಲ, ಬಾಯಿಬಿಟ್ಟ ಅಳಲಿಲ್ಲ. ಆವತ್ತ ಮಧ್ಯಾಹ್ನ ನಲವತ್ತ ಮಂದಿಗೆ ಅಡಗಿ ಮಾಡಿ ಬಡಿಸೇನಿ. ನನ್ನ ಮಗಳಿಗೆ ಕಡೀ ಕೆಲಸ ಮಾಡಲಾರದಾಕಿ ನಾ, ನನಗ ಈ ಒಲಿ ಯಾಕ ಬೇಕಿತ್ತು? ಹೇಳು. ಹದಿಮೂರ ವರ್ಷದಿಂದ ಅದನ್ನ ಕೇಳ್ಕೋತೇನಿ, ಮತ್ತ ಮುಂಜಾನೆ ಎದ್ದ ಹಿಟ್ಟ ಕಲಸತೇನಿ.”

“ಹೆಂಗ ಸತ್ಲು?”

ಬಾಳವ್ವ ನೆಲದ ಮೇಲಿನ ದಂಟುಗಳನ್ನು ಒಟ್ಟುಗೂಡಿಸಿದಳು.

“ಅವ್ವಾರ, ಒಬ್ಬಾಕಿನ ಮಣ್ಣ ಮಾಡಿದ್ರೇನ?”

“ಐವತ್ತರ ಹೆಂಗಸ ಒಬ್ಬಾಕಿನ ಆಳುದ್ದ ತೋಡಾಕ ಆಗತೈತೇನ ತಂಗಿ?” ಬಾಳವ್ವ ಬುಟ್ಟಿ ಎತ್ತಿ ಬದಿಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. “ಸತ್ತಾಳ ಅನ್ನೂದು ಕಣ್ಣಾರೆ ಗೊತ್ತಿದ್ದೂ ಈರ್ಯಾ ಅದನ್ನ ಕೋರ್ಟಿನ ಬಾಯಿಲೆ ಯಾಕ ಹೇಳಸಾಕತ್ತಾನ, ಈಕಿ ಖರೇ ಅಲ್ಲಂತ ನಿನ್ನ ಬಾಯಿಲೆ ಯಾಕ ಹೇಳಸಾಕತ್ತಾನ ಅಂತ ಒಂದಿವಸ ಅವನ್ನ ಕೇಳೀಯೇನ?”

ನೀಲಾಳ ಕೈಯಲ್ಲಿ ವರದಿ ಇತ್ತು. ಮೂರು ಸಾಲಿನ ಕಾಗದ. ಅದನ್ನು ಮಡಚಬೇಕೋ ಹರಿಯಬೇಕೋ ತಿಳಿಯಲಿಲ್ಲ.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಈರಣ್ಣ ಹೊಸ್ತಿಲ ಮೇಲೆ ನಿಂತಿದ್ದ, ಸ್ಕೂಟರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ.

“ಏನ ದೊಡ್ಡವ್ವಾ, ಮೇಡಮ್ಮರನ್ನ ಮಾತಿಗೆ ಹಚ್ಚಿ ಕುಂದರಿಸಿಯೇನ? ವಕೀಲರು ದಾರಿ ಕಾಯಾಕತ್ತಾರ. ವರದಿ ಆತೇನ್ರಿ?”

“ಬಾರೋ ಈರ್ಯಾ,” ಎಂದಳು ಬಾಳವ್ವ. ದನಿಯಲ್ಲಿ ಏರಿಳಿತವಿರಲಿಲ್ಲ. “ಕುಂದರ. ನಿಂದ ಸುದ್ದಿ ನಡದಿತ್ತು. ಆವತ್ತ ನೀ ಕುಣಿ ಎಷ್ಟ ಆಳ ತೋಡಿದ್ದಿ ಅಂತ ಮೇಡಮ್ಮರು ಕೇಳಾಕತ್ತಾರ.”

ಬೆರಳಲ್ಲಿ ಕೀಲಿ ನಿಂತಿತು.

ಯಾವ ಕುಣಿ ಎಂದು ಈರಣ್ಣ ಕೇಳಲಿಲ್ಲ. ನೀಲಾಳನ್ನು ನೋಡಿದ, ಆಕೆಯ ಕೈಯ ಕಾಗದವನ್ನು ನೋಡಿದ. ಆಮೇಲೆ ಒಳಗೆ ಬಂದು, ಕೈ ಹಿಂದೆ ಚಾಚಿ ಖಾನಾವಳಿಯ ಕದ ಮುಂದಕ್ಕೆ ಎಳೆದು ಚಿಲಕ ಹಾಕಿದ.